ಅವರೆಕಾಯಿ ಸುಲಿದ ಶನಿವಾರ, ಭಾನುವಾರ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿ ಅವರೆಕಾಯಿ ರಾಶಿ ಹಾಕುತ್ತಾರೆ. ಅದು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಕಳೆದ ಚಳಿಗಾಲದಲ್ಲಿ ಆಫೀಸಿನಿಂದ ಸುಸ್ತಾಗಿ ಬರುತ್ತಿದ್ದ ಒಂದು ಸಂಜೆ ಆ ಸೊಗಡು ಮೂಗಿಗೆ ಬಡಿಯಿತು. ಅಲ್ಲೇ ನಿಂತು ಮಾಗಡಿ ಕಡೆಯ ಹಳ್ಳಿಯಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ದೊಡ್ಡಮ್ಮ, ಕಾಯಿ ಬಲಿತವಾ?"

"ಹೂಂ ಕಣವ್ವ, ಮಂಜು ಚೆನ್ನಾಗಿ ಬೀಳ್ತಾ ಐತೆ. ಮಗೂನೂ ಕರ್ಕೊಂಡ್ ಬಾ."

ಶುಕ್ರವಾರ ರಾತ್ರಿಯೇ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಆ ವರ್ಷ ಕೆಲಸದ ಒತ್ತಡ ಜಾಸ್ತಿ ಇತ್ತು. ಮನೆಯಲ್ಲಿ ಎಲ್ಲರೂ ಇದ್ದರೂ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಫೋನ್ ಹಿಡಿದು ಕೂರುತ್ತಿದ್ದೆವು. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು.

ಬೆಳಗ್ಗೆ ಎದ್ದಾಗ ಹೊಲ ಕಾಣದಷ್ಟು ಮಂಜು. ನಮ್ಮ ಕಡೆ ರಾಗಿ ಹೊಲದಲ್ಲೇ ಅಕ್ಕಡಿ ಸಾಲು ಹಾಕುತ್ತಾರೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಎಲ್ಲ ಇರುತ್ತದೆ. ರಾಗಿ ಕೊಯ್ದ ಮೇಲೆ ಹೊಲ ಅವರೆಯದು. ಮಳೆ ನಿಂತು ಹೋಗಿದ್ದರೂ ನೆಲದಲ್ಲಿ ಉಳಿದ ತೇವ, ಇಬ್ಬನಿಯಲ್ಲೇ ಬಳ್ಳಿ ಹಬ್ಬಿಕೊಂಡು ಕಾಯಿ ಬಿಡುತ್ತದೆ. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾಗುತ್ತಾ ಬಂದಾಗ ಮಾತ್ರ. ಎಷ್ಟು ಬೇಗ ಬಿತ್ತಿದರೂ ಅದು ತನ್ನ ಕಾಲಕ್ಕೇ ಕಾಯುತ್ತದೆ. ಹಗಲಿನ ಹಂಗಿಲ್ಲದ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಕೊಟ್ಟಿದ್ದಾರೆ. ಹಾಗಾಗಿ ಈಗ ವರ್ಷವಿಡೀ ಅವರೆಕಾಯಿ ಸಿಗುತ್ತದೆ. ರೈತರಿಗೆ ಅದರಿಂದ ಅನುಕೂಲವೇ. ಆದರೂ ನಾನು ಚಳಿಗಾಲಕ್ಕೇ ಕಾಯುತ್ತೇನೆ. ಮಂಜಿನಲ್ಲಿ ಬಲಿತ ಕಾಯಿಯ ಮೇಲಿನ ಅಂಟು ಅಂಟು ಪಸೆ ಬೆರಳಿಗೆ ಹತ್ತಬೇಕು, ಸೋಪು ಹಾಕಿ ತೊಳೆದರೂ ಆ ವಾಸನೆ ಹೋಗಬಾರದು. ಆಗಲೇ ನನಗೆ ಅವರೆ ತಿಂದ ಹಾಗೆ.

ಕಾಯಿ ಕೊಯ್ದು ಮುಗಿಸುವಷ್ಟರಲ್ಲಿ ಮಗಳ ಪ್ಯಾಂಟು ಮೊಣಕಾಲಿನವರೆಗೂ ಒದ್ದೆ. "ಅಮ್ಮ, ಕೈ ಮೂಸಿ ನೋಡು" ಅಂತ ಅಂಗೈಯನ್ನು ನನ್ನ ಮೂಗಿಗೇ ಒತ್ತಿದಳು.

ಮಧ್ಯಾಹ್ನ ಜಗಲಿಯಲ್ಲಿ ಸುಲಿಯಲು ಕೂತೆವು. ಪಕ್ಕದ ಮನೆಯ ಅಕ್ಕ ಬಂದರು, ಎದುರು ಮನೆಯವರು ಬಂದರು, ಯಾರನ್ನೂ ಕರೆದಿರಲಿಲ್ಲ. ಅವರೆಕಾಯಿ ರಾಶಿ ಕಂಡರೆ ಯಾರೂ ಸುಮ್ನೆ ನಿಂತು ಮಾತಾಡಿಸಿ ಹೋಗುವುದಿಲ್ಲ, ಕೂತೇ ಬಿಡುತ್ತಾರೆ. ಕೈಗೆ ಕೆಲಸ, ಬಾಯಿಗೆ ಮಾತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಹಸು ಈದಿತು, ಎಲ್ಲ ಸುದ್ದಿಯೂ ಸಿಪ್ಪೆಯ ಜೊತೆ ರಾಶಿ ಬೀಳುತ್ತಿತ್ತು.

ದೊಡ್ಡಮ್ಮನ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ನಮಗೆಲ್ಲ ಅವರು ಅಜ್ಜಿ. ಕಣ್ಣು ಪೂರ್ತಿ ಮಂಜಾಗಿದೆ, ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ಆದರೆ ಅವರ ಹೆಬ್ಬೆರಳು ಕಾಯಿಯ ಬೆನ್ನ ಮೇಲೆ ಒಂದು ಸಲ ಓಡಿದರೆ ಸಾಕು, ಒಳಗೆ ಹುಳ ಇದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಹುಳ ಕೊರೆದ ಕಾಳನ್ನು ಎಡಕ್ಕೆ, ಒಳ್ಳೆಯದನ್ನು ಮೊರಕ್ಕೆ ಹಾಕುತ್ತಿದ್ದರು. ಮಗಳಿಗೆ ನಂಬಿಕೆ ಬರಲಿಲ್ಲ. ಹುಳ ಬಿದ್ದ ಕಾಯೊಂದನ್ನು ಬೇಕೆಂದೇ ಅವರ ಕೈಗಿಟ್ಟಳು. ಅಜ್ಜಿ ಸವರಿ ನೋಡಿ, "ಇದು ಕೋಳಿಗೆ ಹಾಕು ಮಗ" ಎಂದರು. ಅಲ್ಲಿಂದ ಮುಂದೆ ಅವಳು ಅವರ ಪಕ್ಕ ಬಿಟ್ಟು ಏಳಲೇ ಇಲ್ಲ. ಕಣ್ಣು ಮುಚ್ಚಿಕೊಂಡು ತಾನೂ ಸವರುತ್ತಾ ಕಲಿಯುತ್ತಿದ್ದಳು. ಅವರಿಬ್ಬರನ್ನು ನೋಡುತ್ತಾ ಕೂತ ನನಗೆ ಬಹಳ ದಿನದ ಮೇಲೆ ಎದೆ ಹಗುರಾಯಿತು.

ಸುಲಿದ ಕಾಳನ್ನು ರಾತ್ರಿ ನೀರಿಗೆ ಹಾಕಿದೆವು. ಭಾನುವಾರ ಬೆಳಗ್ಗೆ ಹಿತುಕುವ ಕೆಲಸ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಬೇಕು. ಜೋರಾಗಿ ಒತ್ತಿದರೆ ಬೇಳೆ ಹಾರಿ ಹೋಗುತ್ತದೆ, ಮೆತ್ತಗಾದರೆ ಸಿಪ್ಪೆ ಬಿಡುವುದಿಲ್ಲ. ಹದ ಸಿಕ್ಕಿತೆಂದರೆ ಪುಳಕ್ ಅಂತ ಜಾರಿ ಪಾತ್ರೆಗೆ ಬೀಳುತ್ತದೆ. ಇದು ಅವಸರದ ಕೆಲಸವೇ ಅಲ್ಲ. ಇಷ್ಟು ಹೊತ್ತಿನೊಳಗೆ ಮುಗಿಸಬೇಕು ಅಂತ ಯಾರೂ ಹೇಳಿರಲಿಲ್ಲ. ದೊಡ್ಡಪ್ಪ ಪೇಪರ್ ಓದುತ್ತಾ ಒಂದು ಕೈಯಲ್ಲೇ ಹಿತುಕುತ್ತಿದ್ದರು. ಮಕ್ಕಳು ಬೇಳೆಯನ್ನು ಒಬ್ಬರ ಮೇಲೊಬ್ಬರು ಹಾರಿಸಿ ಬೈಸಿಕೊಂಡರು. ನನ್ನ ಫೋನ್ ಒಳಗೆ ಚಾರ್ಜಿಗೆ ಹಾಕಿದ್ದು ಅಲ್ಲೇ ಇತ್ತು.

ದೊಡ್ಡಮ್ಮ ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ಚಕ್ಕೆ, ಲವಂಗ, ಚೂರು ಗಸಗಸೆ ಹಾಕಿ ಖಾರ ರುಬ್ಬಿದರು. ಸಾರು ಕುದಿಯುವ ಘಮ ಬೀದಿಯವರೆಗೂ ಹೋಯಿತು. ವಿ.ವಿ. ಪುರಂನ ಅವರೆ ಮೇಳದಲ್ಲಿ ಅವರೆಬೇಳೆ ದೋಸೆ, ಜಿಲೇಬಿ ಎಲ್ಲ ತಿಂದಿದ್ದೇನೆ, ಖುಷಿಯಿಂದಲೇ ತಿಂದಿದ್ದೇನೆ. ಆದರೆ ಬಿಸಿ ರಾಗಿಮುದ್ದೆ ಮುರಿದು, ಹಿತಕಿದ ಬೇಳೆ ಸಾರಿನಲ್ಲಿ ಅದ್ದಿ, ಮೇಲೆ ತುಪ್ಪ ಬಿಟ್ಟುಕೊಂಡು ನೆಲದ ಮೇಲೆ ಸಾಲಾಗಿ ಕೂತು ಉಣ್ಣುವುದಿದೆಯಲ್ಲ, ಅದರ ಮುಂದೆ ಬೇರೆ ಯಾವುದೂ ಇಲ್ಲ. ಶನಿವಾರ ಬೆಳಗ್ಗೆ ಕೊಯ್ದ ಕಾಯಿ ಭಾನುವಾರ ಮಧ್ಯಾಹ್ನ ತಟ್ಟೆಗೆ ಬಂದಿತ್ತು. ಒಂದೊಂದು ಬೇಳೆಯೂ ಮನೆಯ ಯಾರದೋ ಬೆರಳು ದಾಟಿ ಬಂದದ್ದು. ಮನೆಯಲ್ಲಿ ತಟ್ಟೆಯಲ್ಲಿ ಅರ್ಧ ಬಿಟ್ಟೇಳುವ ಮಗಳು ಎರಡನೇ ಸಲ ಸಾರು ಹಾಕಿಸಿಕೊಂಡಳು. "ಇದರಲ್ಲಿ ನಾನು ಹಿತುಕಿದ್ದು ಯಾವುದು?" ಅಂತ ಅಜ್ಜಿಯನ್ನು ಕೇಳಿದಳು. "ರುಚಿಯಾಗಿರೋದೆಲ್ಲ ನಿಂದೇ" ಎಂದರು ಅಜ್ಜಿ.

ಸಿಪ್ಪೆ ಹಸುವಿಗೆ ಹೋಯಿತು. ಮಿಕ್ಕ ಕಾಳು ನಮ್ಮ ಚೀಲಕ್ಕೆ ಬಂತು. ಸೋಮವಾರ ಅದರಲ್ಲೇ ಉಪ್ಪಿಟ್ಟು ಮಾಡಿ ಆಫೀಸಿಗೆ ಡಬ್ಬಿ ಒಯ್ದೆ. ಮುಚ್ಚಳ ತೆಗೆದದ್ದೇ ತಡ, ಅಕ್ಕಪಕ್ಕದ ಸೀಟಿನವರೆಲ್ಲ ಎದ್ದು ಬಂದರು. ಒಬ್ಬರು ಹಾಸನದವರು, ಇನ್ನೊಬ್ಬರು ಕೋಲಾರದವರು. ಯಾರ ಊರಿನ ಅವರೆಗೆ ಸೊಗಡು ಜಾಸ್ತಿ ಅನ್ನುವ ವಾದ ಸಂಜೆಯವರೆಗೂ ನಡೆಯಿತು. ಇಷ್ಟು ವರ್ಷ ಜೊತೆಗಿದ್ದರೂ ನಾವು ಊರಿನ ಮಾತು ಆಡಿದ್ದೇ ಇಲ್ಲ, ನೋಡಿ.

ಈ ಸಲ ಅವರಿಬ್ಬರೂ ನಮ್ಮ ಜೊತೆ ಬರುತ್ತಾರೆ. ದೊಡ್ಡಮ್ಮನಿಗೆ ಹೇಳಿದೆ.

"ಬರ್ಲಿ ಬಿಡು, ಹಿತುಕೋಕೆ ಕೈ ಜಾಸ್ತಿ ಆಯ್ತವೆ" ಎಂದರು.