ಟೂಲ್‌ಗಳನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದರೆ ಎಲ್ಲರೂ ಕೇಳುವುದು: ‘ಅಂಗಡಿಯಲ್ಲಿ ಸಿಗುವುದಿಲ್ಲವೇ? ಕೊಳ್ಳಲು ಹಣವಿಲ್ಲವೇ?’

ಸಿಗುತ್ತದೆ. ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತದೆ. ಕೊಳ್ಳಲು ನನ್ನ ಬಳಿ ಹಣವೂ ಇದೆ. ಈ ಎರಡು ಪ್ರಶ್ನೆಗಳನ್ನು ದಯವಿಟ್ಟು ಇನ್ನು ಕೇಳಬೇಡಿ.

ಕವೆಂಟ್ರಿಯಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರ ಬಳಿ 1966ರ ಜಾಗ್ವಾರ್ ಇ-ಟೈಪ್ ಇದೆ. ಇದೇ ಊರಿನ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. ಅದರ 4.2 ಲೀಟರ್ ಎಕ್ಸ್‌ಕೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ನಾವಿಬ್ಬರೂ ಮತ್ತೆ ಕಟ್ಟುತ್ತಿದ್ದೇವೆ. ಬೇಕಾದ ಕೆಲವು ಟೂಲ್‌ಗಳನ್ನು ನಾನೇ ವೈಸ್‌ಗೆ ಕಚ್ಚಿಸಿ, ಅರ ಹಿಡಿದು ಮಾಡಿಕೊಂಡೆ.

ಹೋದ ಯುಗಾದಿ ಊಟದಲ್ಲಿ ಒಬ್ಬರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, ‘ಅಲ್ಲ ಸಾರ್, ಇಂಗ್ಲೆಂಡಿಗೆ ಬಂದೂ ಜುಗಾಡ್ ಬಿಡಲಿಲ್ಲವೇ?’ ಎಂದರು. ಸುತ್ತ ಕುಳಿತವರು ನಕ್ಕರು. ನನಗೆ ನಗು ಬರಲಿಲ್ಲ.

ಜುಗಾಡ್ ಎಂದರೆ ಆ ಹೊತ್ತಿಗೆ ಸಾಗಿದರೆ ಸಾಕು ಎನ್ನುವ ಕೆಲಸ. ನನ್ನ ಅಪ್ಪ ಭದ್ರಾವತಿಯಲ್ಲಿ ಫಿಟ್ಟರ್ ಆಗಿದ್ದರು. ಅರ ಹಾಕಿದ ತುಂಡಿಗೆ ಮೂಲೆಮಟ್ಟ ಇಟ್ಟು ಕಿಟಕಿಯ ಕಡೆಗೆ ಎತ್ತಿ ಹಿಡಿಯುತ್ತಿದ್ದರು. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ತುಂಡು ಮತ್ತೆ ವೈಸ್‌ಗೆ. ಅವರು ಕಲಿಸಿದ ಕೆಲಸವನ್ನು ಆ ಹೆಸರಿನಿಂದ ಕರೆದರೆ ನನಗೆ ಸಿಟ್ಟು ಬರುತ್ತದೆ.

ಅಂದು ಊಟದಲ್ಲಿ ಜುಗಾಡ್ ಎಂದವರು ಕೇಳಬೇಕಿದ್ದದ್ದು ಬೇರೆ: ‘ನೀವು ಮಾಡಿದ ಟೂಲ್ ಸರಿಯಾಗಿದೆ ಎಂದು ನಿಮಗೆ ಹೇಗೆ ಗೊತ್ತು?’ ಇದನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಊಟ ಬಿಟ್ಟು ಎದ್ದು ಗ್ಯಾರೇಜಿಗೆ ಕರೆದೊಯ್ಯುತ್ತಿದ್ದೆ.

ಈ ಎಂಜಿನ್ನಿನ ತಲೆಯ (ಹೆಡ್ಡಿನ) ಮೇಲೆ, ವಾಲ್ವುಗಳನ್ನು ತೆರೆದು ಮುಚ್ಚುವ ಎರಡು ಕ್ಯಾಮ್‌ಶಾಫ್ಟ್‌ಗಳಿವೆ. ಎರಡಕ್ಕೂ ಮುಂಭಾಗದಲ್ಲಿ ಒಂದೊಂದು ಕಚ್ಚು. ಮುಂದಿನ ಸಿಲಿಂಡರಿನ ಪಿಸ್ಟನ್ ತುತ್ತತುದಿಯಲ್ಲಿದ್ದಾಗ (ಜಾಗ್ವಾರ್‌ನವರು ಹಿಂದಿನಿಂದ ಎಣಿಸುವುದರಿಂದ ಇದು 6ನೆಯ ಸಿಲಿಂಡರ್) ಆ ಕಚ್ಚುಗಳು ಹೆಡ್ಡಿನ ಮೇಲ್ಮೈಗೆ ನೆಟ್ಟಗೆ ನಿಲ್ಲಬೇಕು. ಅದಕ್ಕೇ ಟೀ ಅಕ್ಷರದ ಆಕಾರದ ಒಂದು ಉಕ್ಕಿನ ಪ್ಲೇಟು. ಹೆಗಲು ಹೆಡ್ಡಿನ ಮೇಲೆ ಕೂರುತ್ತದೆ, ನಾಲಿಗೆ ಕಚ್ಚಿನೊಳಗೆ ಇಳಿಯುತ್ತದೆ. ಕ್ಯಾಮ್‌ಗಳ ಹೊಂದಿಕೆ ತಪ್ಪಿದರೆ ಒಳಗಿನ ವಾಲ್ವುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬಾಗಬಹುದು. 1948ರಿಂದ ಹೆಸರು ಮಾಡಿದ, ಫ್ರಾನ್ಸಿನ ಲೆ ಮಾನ್ ಕಾರು ಓಟವನ್ನು ಐದು ಸಲ ಗೆದ್ದ ಎಂಜಿನ್ನಿನ ವಂಶ ಇದು. ‘ಸುಮಾರಾಗಿ ಸರಿ’ ಎನ್ನುವುದಕ್ಕೆ ಇಲ್ಲಿ ಜಾಗವಿಲ್ಲ.

ನನ್ನ ಮೊದಲ ಪ್ಲೇಟಿನ ನಾಲಿಗೆಗೆ ಎರಡು ಎಳೆತ ಹೆಚ್ಚಾಗಿ ಅರ ಬಿತ್ತು. ಕಚ್ಚಿಗಿಳಿಸಿ ಶಾಫ್ಟನ್ನು ಸ್ಪ್ಯಾನರಿನಿಂದ ಅಲುಗಿಸಿದರೆ ‘ಟಿಕ್’ ಎಂದಿತು. ಅಷ್ಟೇ ಸದ್ದು. ಸಂದಿನ ಅಗಲ ಅಳೆಯುವ ಫೀಲರ್ ಗೇಜಿನ ತೆಳು ಎಲೆ ಸಲೀಸಾಗಿ ಸಂದಿನೊಳಗೆ ಹೋಯಿತು. ಆ ಪ್ಲೇಟು ಈಗ ಗೋಡೆಯ ಮೊಳೆಯಲ್ಲಿದೆ. ಎರಡನೆಯದಕ್ಕೆ ಮೂರು ಸಂಜೆ ಹಿಡಿಯಿತು, ಸಂದು ಉಳಿಯಲಿಲ್ಲ.

ಆದರೆ ಬಿಗಿಯಾದ ಮಾತ್ರಕ್ಕೆ ನೆಟ್ಟಗಿದೆ ಎಂದಲ್ಲ. ಪ್ಲೇಟು ಇಟ್ಟು, ಕ್ಯಾಮ್ ಹೊಂದಿಸಿ, ಬೋಲ್ಟ್ ಬಿಗಿದ ಮೇಲೆ ಪ್ಲೇಟನ್ನು ತೆಗೆದು ಹಿಂದುಮುಂದಾಗಿ ತಿರುಗಿಸಿ ಮತ್ತೆ ಇಳಿಸಬೇಕು. ನಾಲಿಗೆ ಚೂರು ಓರೆಯಾಗಿದ್ದರೂ ತಪ್ಪು ಇಮ್ಮಡಿಯಾಗಿ, ಒಂದು ಹೆಗಲು ಮೇಲೇಳುತ್ತದೆ. ಬೇರೆ ಅಳತೆಗೋಲು ಬೇಡ. ಕೊಂಡ ಪ್ಲೇಟನ್ನೂ ಹೀಗೆ ಪರೀಕ್ಷಿಸಬಹುದು, ಆದರೆ ಕೊಂಡವನಿಗೆ ಅನುಮಾನವೇ ಬರುವುದಿಲ್ಲ. ಮಾಡಿದವನಿಗೆ ಬಂದೇ ಬರುತ್ತದೆ.

ಎಲ್ಲವನ್ನೂ ನಾನೇ ಮಾಡುವುದಿಲ್ಲ. ಕ್ಯಾಮ್‌ಗಳನ್ನು ತಿರುಗಿಸುವ ಚೈನಿನ ಬಿಗಿತ ಹೊಂದಿಸುವ ಟೂಲ್ ಮನೆಯದೇ, ಮುರಿದ ಡ್ರಿಲ್ ಬಿಟ್ಟುಗಳ ಬುಡ ಕತ್ತರಿಸಿ ಪಟ್ಟಿಗೆ ಕೂರಿಸಿದ ಎರಡು ಕಡ್ಡಿ. ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚ್ ಕೊಂಡದ್ದು. ಎಂಜಿನ್ ಎತ್ತುವ ಸರಪಳಿಯೂ ಕೊಂಡದ್ದೇ. ಅದರ ಕೆಳಗೆ ಮನುಷ್ಯರು ಕೈ ಇಡುತ್ತಾರೆ.

ಕಳೆದ ಶನಿವಾರ ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಪ್ಲೇಟನ್ನು ಹಿರಿಯರ ಕೈಗೆ ಕೊಟ್ಟೆ. ಇಳಿಸಿದರು, ಕೂತಿತು. ನಾನು ಹೇಳುವ ಮೊದಲೇ ಹಿಂದುಮುಂದು ಮಾಡಿ ಇಳಿಸಿದರು. ಕೂತಿತು. ಟಾರ್ಚ್ ಹಿಡಿದು ಹೆಗಲಿನ ಕೆಳಗೆ ಇಣುಕಿದರು. ಆಮೇಲೆ ಬೋಲ್ಟುಗಳು ಸಡಿಲವಾಗದಂತೆ ಸುತ್ತುವ ಲಾಕ್ ವೈರಿಗಾಗಿ ನನ್ನತ್ತ ಕೈ ಚಾಚಿದರು.