ನಮ್ಮ ಡುಪ್ಲಿಕೇಟ್ ಡಬ್ಬಿಗೂ ಒಂದ್ ಹೊಸ ಗೇಮ್

ಹೋದ ವರ್ಷದಿಂದ ನಾ ಒಂದ್ ಟೀಮ್‌ದಾಗ ಸೇರ್ಕೊಂಡೀನಿ. ಹಳೇ ನಿಂಟೆಂಡೊ ವಿಡಿಯೋ ಗೇಮ್ ಮಷೀನ್ ಅದಲ್ಲಾ, 1983ರಾಗ ಜಪಾನ್‌ದಾಗ ಫ್ಯಾಮಿಕಾಮ್ ಅಂತ ಬಂದು ಆಮ್ಯಾಲ 1985ರಾಗ ಅಮೆರಿಕಾಕ್ಕ ಎನ್‌ಇಎಸ್ ಅಂತ ಹೋಗಿದ್ದು, ಅದಕ್ಕ ಈಗ ಹೊಸ ಗೇಮ್ ಮಾಡೋ ಟೀಮು. ಪಗಾರ ಇಲ್ಲ, ಆಫೀಸ್ ಇಲ್ಲ, ಎಲ್ಲಾರಿಗೂ ಬ್ಯಾರೆ ಬ್ಯಾರೆ ಕೆಲ್ಸ ಅವ, ಐತವಾರ ರಾತ್ರಿ ಊಟ ಆದ್ಮ್ಯಾಲ ಕಾಲ್‌ನಾಗ ಕೂಡ್ತೀವಿ ಅಷ್ಟೇ. ಕೋಡ್ ಬರಿಯೋರು ಧಾರವಾಡದ ಸರ್ ಒಬ್ರು, ಮ್ಯೂಸಿಕ್ ಮಾಡೋ ಹುಡುಗ ಮೈಸೂರಿನಾವ, ಚಿತ್ರ ಬಿಡಿಸೋ ಅಕ್ಕ ಶಿವಮೊಗ್ಗದಾಕಿ. ನಾ ಕಲಬುರಗಿ.

ನಂಗ ಕೋಡ್ ಬರಲ್ಲ, ಮೊದಲೇ ಹೇಳ್ಬಿಡ್ತೀನಿ. ಚಿತ್ರಾನೂ ಬರಲ್ಲ. ಸೂಪರ್ ಮಾರ್ಕೆಟ್ ಹಿಂದ ನಂದು ಟಿವಿ ರಿಪೇರಿ ದುಕಾನ್ ಅದ. ನನ್ನ ಯಾಕ್ ತಗೊಂಡ್ರು ಅಂದ್ರ ನನ್ ಹಂತ್ಯಾಕ ಎರಡ್ ಸಾಮಾನ್ ಇದ್ದವು, ಒಂದು ಚಾಲೂ ಇರೋ ಡಬ್ಬಾ ಟಿವಿ, ಇನ್ನೊಂದು ಚಾಲೂ ಇರೋ ಡುಪ್ಲಿಕೇಟ್ ವಿಡಿಯೋ ಗೇಮು. ಹೌದ್ರೀ, ಅದೇ, ಎರಡ್ ರಿಮೋಟು ಒಂದ್ ಬಂದೂಕು ಕೊಡ್ತಿದ್ರಲ್ಲಾ, 9999 ಗೇಮ್ ಅಂತ ಬರ್ದಿರೋ ಹಳದಿ ಕ್ಯಾಸೆಟ್ ಹಾಕಿದ್ರ ಅವೇ ನಾಕೈದು ಗೇಮ್ ತಿರುಗಿ ತಿರುಗಿ ಬರ್ತಿದ್ವಲ್ಲಾ, ಅದು.

ಈಗ ನೋಡ್ರಿ, ಪ್ರಪಂಚದಾಗ ಈ ಮಷೀನಿಗೆ ಹೊಸ ಗೇಮ್ ಮಾಡೋ ಹವ್ಯಾಸದ ಮಂದಿ ಭಾಳ ಅದಾರ. 2019ರಾಗ ಮೈಕ್ರೋ ಮೇಜಸ್ ಅಂತ ಒಂದ್ ಬಂತು, ನಾಕ್ ಮಂದಿ ಕೂಡಿ ಆಡಬಹುದು, ಪೂರಾ ಗೇಮು 40 ಕೆಬಿ. 1985ರ ಮಾರಿಯೋನೂ ಅಷ್ಟೇ, 32 ಕೆಬಿ ಪ್ರೋಗ್ರಾಮು, 8 ಕೆಬಿ ಚಿತ್ರ. ನಿಮಗ ಮುಂಜಾನೆ ಬರೋ ಗುಡ್ ಮಾರ್ನಿಂಗ್ ಫೋಟೋನೇ ಇದಕ್ಕಿಂತ ದೊಡ್ಡದು ಇರ್ತದ. ನಮ್ಮ ಗೇಮೂ ಇಷ್ಟರಾಗೇ ಹಿಡಿಸಬೇಕು ಅಂತ ಮಾತು. ಆದ್ರ ಮಾಡೋರು ಟೆಸ್ಟ್ ಮಾಡೋದು ಕಂಪ್ಯೂಟರ್ ಮ್ಯಾಲ ಎಮುಲೇಟರ್‌ದಾಗ, ಅಂದ್ರ ಆ ಮಷೀನಿನ ನಕಲು ಮಾಡೋ ಸಾಫ್ಟ್‌ವೇರಿನಾಗ, ಇಲ್ಲಾ ಅಂದ್ರ ಒರಿಜಿನಲ್ ಮಷೀನ್ ಮ್ಯಾಲ. ಒರಿಜಿನಲ್ಲು ನಮ್ಮ ಓಣ್ಯಾಗ ಯಾರ್ ನೋಡ್ಯಾರ? ನಾವ್ ಆಡಿ ಬೆಳೆದಿದ್ದು ಪೂರಾ ಡುಪ್ಲಿಕೇಟು. ಹಂಗಾದ್ರ ಕನ್ನಡದವ್ರು ಕೂಡಿ ಮಾಡೋ ಗೇಮು ನಮ್ಮ ಡಬ್ಬಿ ಮ್ಯಾಲ ನಡಿಬೇಕೋ ಬ್ಯಾಡೋ ಅಂತ ನಾ ಕೇಳ್ದೆ, ಅದೇ ನನ್ನ ಕೆಲ್ಸ ಆಯ್ತು.

ನಂದು ಬಿಚ್ಚಿ ನೋಡಿದ್ರ ಒಳಗ ಯುಎಂಸಿ ಅಂತ ತೈವಾನ್ ಕಂಪನಿದು ಎರಡು ಉದ್ದನ ಐಸಿ, ಅಂದ್ರ ಚಿಪ್ಪು, ಪ್ರೋಗ್ರಾಮ್ ಓಡ್ಸಿ ದನಿ ಮಾಡೋದು 6527ಪಿ, ಚಿತ್ರ ಮಾಡೋದು 6538. ರಷ್ಯಾದಾಗ 1992ರ ಕೊನಿಗೆ ಡೆಂಡಿ ಅಂತ ಒಂದ್ ಡುಪ್ಲಿಕೇಟ್ ಬಂದು ಮಸ್ತ್ ಓಡಿತ್ತು, ಅದೂ ಇದೇ ಜಾತಿ.

ಗೇಮ್ ಏನಪ್ಪಾ ಅಂದ್ರ, ಜ್ವಾಳದ ಹೊಲ, ಮಂಚಿಗಿ ಮ್ಯಾಲ ಹುಡುಗ ಕವಣಿ ಹಿಡ್ಕೊಂಡು ನಿಂತಾನ, ಗಿಳಿ ಗುಬ್ಬಿ ತೆನಿಗೆ ಬರ್ತಾವ, ಓಡಿಸಬೇಕು. ಸೀತನಿ ಆಗೋತನ ಬೆಳಿ ಉಳದ್ರ ಗೆದ್ದಂಗ. ಐಡಿಯಾ ನಂದೇ, ಅಷ್ಟರೆ ಹೆಮ್ಮೆ ಪಡ್ತೀನಿ. ಹೆಂಗಿದ್ರೂ ಬಂದೂಕ ಅದಲ್ಲಾ, ಅದ್ರಲೇ ಹಕ್ಕಿ ಹೊಡಿಯೋಣು ಅಂದ ಮೈಸೂರು ಹುಡುಗ, ಆದ್ರ ಆ ಬಂದೂಕು ಎಲ್ಇಡಿ ಟಿವಿ ಮ್ಯಾಲ ನಡಿಯಲ್ಲ. ಟ್ರಿಗರ್ ಒತ್ತಿದಾಗ ಸ್ಕ್ರೀನ್ ಒಂದ್ ಕ್ಷಣ ಕರಿ ಆಗಿ ಹಕ್ಕಿ ಇದ್ದ ಜಾಗಾ ಬೆಳ್ಳಗ ಆಗ್ತದ, ಆ ಬೆಳಕು ಬಂದೂಕಿನ ಮೂತ್ಯಾಗಿರೋ ಸೆನ್ಸರಿಗೆ ಅದೇ ಹೊತ್ತಿಗೆ ಬೀಳಬೇಕು, ಹೊಸ ಟಿವಿ ಚಿತ್ರ ತೋರ್ಸೋದೇ ತಡಾ ಮಾಡ್ತಾವ. ಡಬ್ಬಾ ಟಿವಿ ಈಗ ಯಾರ ಮನ್ಯಾಗ ಅದ? ಕವಣಿನೇ ಉಳೀತು.

ಟೀಮಿನವ್ರು ಎರಡ್ ಐಸಿ ಕೂಡ್ಸೋ 60 ಪಿನ್ನಿನ ಬೋರ್ಡ್ ಕೊರಿಯರ್ ಮಾಡಿದ್ರು. ಕ್ಯಾಸೆಟ್ ಒಳಗ ಒಂದ್ ಐಸಿಗೆ ಪ್ರೋಗ್ರಾಮು, ಒಂದಕ್ಕ ಚಿತ್ರ. ಮ್ಯಾಲ ಗಾಜಿನ ಕಿಟಕಿ ಇರೋ ಇಪ್ರಾಮ್, ಅಂದ್ರ ಅಳಿಸಿ ತಿರುಗಿ ಬರಿಯೋ ಐಸಿ, ಅಳಿಸಬೇಕಂದ್ರ ಯುವಿ ಲೈಟಿನ ಡಬ್ಬ್ಯಾಗ ಇಡಬೇಕು, ಅಷ್ಟೊತ್ತು ಗಿರಾಕಿ ಟಿವಿ ನೋಡೋದು.

ಹಾಕಿ ಸ್ವಿಚ್ ಒತ್ತಿದ್ರ ಹೊಲ ಬಂತು, ಆದ್ರ ಮ್ಯಾಗಿನ ಅರ್ಧಾ ಸ್ಕ್ರೀನು ಬರೀ ಕಸಾ, ಮೋಡದ ಜಾಗಾದಾಗ ತೆನಿ ಚೂರು, ಹುಡುಗನ ರುಮಾಲು. ಧಾರವಾಡದ ಸರ್ ನಂಬ್ಲಿಲ್ಲ, "ನಿಮ್ಮ ಕ್ಯಾಸೆಟ್ ಲೂಜ್ ಇರಬೇಕು ನೋಡ್ರಿ, ನಮ್ಮಲ್ಲೆ ಸರಿ ಅದ" ಅಂದ್ರು. ನಾ ಊದಿ ಹಾಕ್ದೆ, ಪಿನ್ ಒರೆಸಿ ಹಾಕ್ದೆ, ಅದೇ ಕಸಾ. ಕಾರಣ ಆಮ್ಯಾಲ ಅವ್ರೇ ಹುಡುಕಿದ್ರು. ಟಿವಿ ಒಂದ್ ಚಿತ್ರ ಬರ್ದು ಮುಗಿಸಿ ಇನ್ನೊಂದು ಶುರು ಮಾಡೋದ್ರ ನಡುವ ಸ್ವಲ್ಪ ಸಂದು ಸಿಗ್ತದ, ಹೊಸ ಚಿತ್ರದ ಡಾಟಾ ಆ ಸಂದಿನಾಗೇ ತುಂಬಬೇಕು. ಅಮೆರಿಕಾದ ಮಷೀನಿನಾಗ ಸೆಕೆಂಡಿಗೆ 60 ಚಿತ್ರ, ಸಂದು ಟಿವಿ 20 ಗೆರಿ ಬರಿಯೋವಷ್ಟು ಹೊತ್ತು. ಯುರೋಪಿನ ಒರಿಜಿನಲ್‌ದಾಗ 50 ಚಿತ್ರ, ಸಂದು 70 ಗೆರಿ, ಆರಾಮ. ನಮ್ದೂ ಯುರೋಪಿನಂಗ ಪಾಲ್ (PAL) ಪದ್ಧತಿ ಟಿವಿ, 50 ಚಿತ್ರಾನೇ, ಸರ್ ಏನ್ ಮಾಡಿದ್ರು ಅಂದ್ರ 50 ಕಂಡ್ರ ಯುರೋಪ್ ಅಂತ ತಿಳ್ಕೊಂಡು ಡಾಟಾ ಜಾಸ್ತಿ ತುಂಬು ಅಂತ ಬರ್ದಿದ್ರು. ಆದ್ರ ನಮ್ಮ ಡಬ್ಬಿ 50 ಚಿತ್ರ ಕೊಟ್ಟು ಸಂದು ಮಾತ್ರ 20 ಗೆರಿನೇ ಕೊಡ್ತದ! ಜಪಾನಿನ ಗೇಮು ಕೆಡದಂಗ ಓಡ್ಲಿ ಅಂತ ಹಂಗ ಮಾಡ್ಯಾರ. ಡುಪ್ಲಿಕೇಟ್ ಮಾಡಿದವ್ರು ತಲಿ ಇಲ್ದೆ ಮಾಡ್ಯಾರ ಅಂತ ನಾವ್ ಅಂತೀವಿ, ಖರೇ ನೋಡಿದ್ರ ಭಾಳ ಹುಷಾರಿದ್ರು ಮಕ್ಕಳು. ಈಗ ಗೇಮ್ ಶುರು ಆದಕೂಡ್ಲೇ ಮೊದಲು ಯಾವ ಮಷೀನು ಅಂತ ಎಣಿಸಿ ನೋಡ್ಕೋತದ, ನಮ್ದು ಅಂತ ಗೊತ್ತಾದ್ರ 60ರ ವೇಗ ಬರ್ಲಿ ಅಂತ ಐದು ಚಿತ್ರಕ್ಕ ಒಂದ್ ಸಲ ಆಟ ಎರಡ್ ಹೆಜ್ಜಿ ಓಡ್ತದ, ಇಲ್ಲಾಂದ್ರ ಗಿಳಿ ಬಿಸಿಲಿಗೆ ಸುಸ್ತಾದಂಗ ಹಾರ್ತಾವ.

ಮ್ಯೂಸಿಕ್ ಕತಿ ಬ್ಯಾರೆ. ಹುಡುಗ ಸಣ್ಣ ಪೀಪಿ ದನಿ ಇಟ್ಟಿದ್ದ, ನನ್ನ ಟಿವ್ಯಾಗ ದಪ್ಪ ದನಿ ಬಂತು, ದಪ್ಪ ಇದ್ದಿದ್ದು ಸಣ್ಣ ಆಯ್ತು. ನಾ ರೆಕಾರ್ಡ್ ಮಾಡಿ ಕಳ್ಸಿದ್ರ ಪಾಪ ಒಂದ್ ದಿನಾ ಪೂರಾ ಮಾತೇ ಆಡ್ಲಿಲ್ಲ ಆ ಹುಡುಗ. ಈ ಮಷೀನಿನ ದನಿ ಚೌಕದಲೆ, ಅಂದ್ರ ಒಮ್ಮೆ ಮ್ಯಾಲ ಒಮ್ಮೆ ಕೆಳಗ ಜಿಗಿಯೋ ಅಲೆ, ಮ್ಯಾಲ ಎಷ್ಟು ಹೊತ್ತು ಇರ್ತದ ಅನ್ನೋದ್ರ ಮ್ಯಾಲ ದನಿ ಬದಲಾಗ್ತದ; 6527ಪಿ ಒಳಗ ಅದ್ರ 25 ಪರ್ಸೆಂಟಿಂದು, 50 ಪರ್ಸೆಂಟಿಂದು ಅದಲ್ ಬದಲ್ ಆಗ್ಯಾವಂತ. ಇದನ್ನ ಪ್ರೋಗ್ರಾಮ್ ತಾನಾಗಿ ಕಂಡುಹಿಡಿಯಲಿಕ್ಕ ಆಗಲ್ಲ, ಕಿವೀನೇ ಬೇಕು, ಅದಕ್ಕ ಮೆನುದಾಗ ಒಂದ್ ಸ್ವಿಚ್ ಇಟ್ಟೀವಿ. ಹಕ್ಕಿ ಓಡಿಸ್ಲಿಕ್ಕ ಡಬ್ಬಿ ಬಡಿಯೋ ಸಪ್ಪಳ ಮಾತ್ರ ನಾಯ್ಸ್ ಚಾನೆಲ್, ಅಂದ್ರ ಬರೀ ಗದ್ದಲ ಮಾಡೋ ದನಿ, ಅದ್ರಲೇ ಬರ್ತದ, ಹೊಲದಾಗ ಖಾಲಿ ಎಣ್ಣಿ ಡಬ್ಬಿ ಬಡದಂಗೇ ಕೇಳ್ತದ.

ಇನ್ನೊಂದು ಜಗಳ ಹಕ್ಕಿದು. ಒಂದ್ ಗೆರಿ ಮ್ಯಾಲ 8 ಸ್ಪ್ರೈಟ್, ಅಂದ್ರ ಓಡಾಡೋ ಸಣ್ಣ ಚಿತ್ರದ ತುಂಡು, ಅಷ್ಟೇ ಕಾಣ್ತಾವ, ನಮ್ಮ ಗಿಳಿ ಒಂದಕ್ಕ ಎರಡು ಬೇಕು, ಹುಡುಗಗ ಎರಡು, ಅಂದ್ರ ಅವನ ಸಾಲಿನಾಗ ಮೂರೇ ಗಿಳಿ, ನಾಕನೇದು ಬಂತಂದ್ರ ಮಾಯ. ಸರದಿ ಬದಲಿಸ್ಕೋತ ತೋರ್ಸಿದ್ರ ಎಲ್ಲಾ ಕಾಣ್ತಾವ ಆದ್ರ ಮಿಣಮಿಣ ಅಂತಾವ, 50ರಾಗ ಇನ್ನಾ ಜಾಸ್ತಿ. ಅಕ್ಕ ಅಂತಾಳ ಹಕ್ಕಿ ಕಮ್ಮಿ ಮಾಡೋಣು, ಮೂರೇ ಸಾಕು. ಮೂರ್ ಗಿಳಿಗೆ ಯಾರ್ರೀ ಕವಣಿ ಬೀಸ್ತಾರ, ಹೊಲಕ್ಕ ಬಂದ್ರ ಹಿಂಡೇ ಬರ್ತದ. ಮಿಣುಕ್ಲಿ ಬಿಡ್ರಿ ಅಂತ ನಾ ಹಟಾ ಹಿಡ್ದು ಕೂತೀನಿ, ಸಣ್ಣಾಗಿದ್ದಾಗ ಆಡಿದ ಗೇಮೆಲ್ಲಾ ಮಿಣುಕ್ತಿದ್ವು, ಯಾರರೆ ಆಡೋದು ಬಿಟ್ರೇನು.

ಕನ್ನಡ ಅಕ್ಷರ ಹಾಕೋದೂ ನಡದದ. 8 ಬೈ 8 ಚುಕ್ಕಿ ಮನ್ಯಾಗ ಒತ್ತಕ್ಷರ ಕೂಡಲ್ಲ, ಬ್ಯಾಕ್‌ಗ್ರೌಂಡಿಗೆ ಇರೋದೇ 256 ಮನಿ, ಕಾಗುಣಿತ ಪೂರಾ ಹಾಕಿದ್ರ ಹೊಲಕ್ಕ ಜಾಗಾ ಇಲ್ಲ. ಹಂಗಾಗಿ ಬೇಕಾದ ಮಾತಷ್ಟೇ ಚಿತ್ರ ಮಾಡಿ ಹಾಕೋದು, "ಶುರು", "ಸೋತಿ" ಇಂಥವು. "ಸೋತಿ" ಅಂದ್ರ ಮೈಸೂರು ಹುಡುಗಗ ಮುನಿಸು, ಮರ್ಯಾದಿ ಇಲ್ಲ ಅಂತ. ಇರ್ಲಿ.

ಈಗ ಒಂದ್ ಕೆಲ್ಸ ಉಳದದ. ನನ್ ಹಂತ್ಯಾಕ ಇರೋದು ಎರಡ್ ಐಸಿ ಮಾಡೆಲ್ಲು, ಆಮ್ಯಾಲ ಬಂದವು ಒಳಗ ಬರೀ ಒಂದ್ ಕರಿ ಹನಿ ಬಿಟ್ಟಂಗ ಚಿಪ್ ಇರೋವು, ಅವ್ರಾಗ ಸಂದು ಎಷ್ಟು ಸಿಗ್ತದ, ದನಿ ಅದಲ್ ಬದಲ್ ಅದನೋ ಇಲ್ಲೋ ಹಾಕೇ ನೋಡಬೇಕು. ಕಲಬುರಗಿ, ಬೀದರ್, ಯಾದಗಿರಿ ಕಡಿಯವ್ರು ಯಾರರೆ ಅಟ್ಟದ ಮ್ಯಾಲ ಅಂಥದು ಇಟ್ಟಿದ್ರ ಗುಜರಿಗೆ ಹಾಕಬ್ಯಾಡ್ರಿ, ಎರಡ್ ದಿನದ ಮಟ್ಟಿಗೆ ಕೊಡ್ರಿ. ಅಡಾಪ್ಟರ್ ಸುಟ್ಟಿದ್ರೂ ನಡಿತದ, ಅದು ನಾ ರಿಪೇರಿ ಮಾಡೇ ಹೊಳ್ಳಿ ಕೊಡ್ತೀನಿ, ರೊಕ್ಕ ಬ್ಯಾಡ.