ಒಂದು ಮೊಳ ಮಲ್ಲಿಗೆ

ಇವತ್ತು ಸಂಜೆ ಗಾಂಧಿ ಬಜಾರಿನಲ್ಲಿ ಮಲ್ಲಿಗೆ ತಗೊಂಡೆ.

ಹೂವಿನ ಅಜ್ಜಿ ದಾರದ ತುದಿಯನ್ನು ನಡುಬೆರಳಿಗೆ ಹಿಡಿದು, ಮಾಲೆಯನ್ನು ಮೊಣಕೈವರೆಗೆ ಎಳೆದರು. ಅಲ್ಲಿಗೆ ಒಂದು ಮೊಳ. ಆಮೇಲೆ ನಾಲ್ಕು ಬೆರಳಷ್ಟು ಕೊಸರು ಬಿಟ್ಟು ಕತ್ತರಿಸಿದರು. ನಾನು ಕೇಳಿಯೇ ಇರಲಿಲ್ಲ.

ಎರಡು ಗೇಣು ಸೇರಿದರೆ ಮೊಳ, ನಾಲ್ಕು ಮೊಳ ಸೇರಿದರೆ ಮಾರು. ಲೆಕ್ಕಕ್ಕೆ ಮೊಳ ಅಂದರೆ ಸುಮಾರು ಒಂದೂವರೆ ಅಡಿ. ಉದ್ದ ಕೈಯವರ ಹತ್ತಿರ ಸ್ವಲ್ಪ ಜಾಸ್ತಿ, ಅಷ್ಟೆ.

ಮೆಟ್ರಿಕ್ ಅಳತೆಯ ಕಾನೂನು ಬಂದಿದ್ದು 1956ರಲ್ಲಿ. ಬಟ್ಟೆ ಮೀಟರಿಗೆ ಹೋಯಿತು, ಹಾಲು ಲೀಟರಿಗೆ ಹೋಯಿತು. ಕಟ್ಟಿದ ಹೂವು ಮಾತ್ರ ಇನ್ನೂ ಮಾರುವವರ ಕೈಯಳತೆಯಲ್ಲೇ ಇದೆ. ನನಗಂತೂ ಇದು ತುಂಬಾ ಇಷ್ಟ.

ಉಡುಪಿ ಕಡೆ ಮಲ್ಲಿಗೆಗೆ ಮೊಳ ಅಲ್ಲ, ಹೂವು ಎಣಿಸಿ ಕಟ್ಟಿದ ಚೆಂಡು, ನಾಲ್ಕು ಚೆಂಡು ಸೇರಿದ ಅಟ್ಟೆ ಲೆಕ್ಕ ಅಲ್ವಾ? ನಿಮ್ಮೂರಲ್ಲಿ ಹೇಗೆ ಕೊಡುತ್ತಾರೆ, ಹೇಳಿ.